ಸೋತ ತಂಡಕ್ಕೂ ಇನ್ನೊಂದು ಪಂದ್ಯ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹವ್ಯಾಸಿ ರಗ್ಬಿ ತಂಡಗಳನ್ನು ಸೇರಿಸಿ ಒಂದು ನಾಕ್‌ಔಟ್ ಕಪ್ ನಡೆಸುವುದು ಸಾಧ್ಯವೇ ಎಂದು ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು. ಸಾಧ್ಯವಿದೆ, ಆದರೆ ಮೊದಲ ದಿನವೇ ಸೋಲುವ ತಂಡವನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜಿಸಿ ಎಂದು ಎರಡು ಸಾಲಿನಲ್ಲಿ ಉತ್ತರಿಸಿದ್ದೆ. ಅಷ್ಟು ಸಾಲದೆಂದು ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಕೈಬಿಟ್ಟು, ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಒಟ್ಟು 11 ತಂಡಗಳು ಬರುತ್ತೇವೆಂದು ಹೇಳಿವೆ. ಈ ಬೆಸ ಸಂಖ್ಯೆಯನ್ನು ನಾಕ್‌ಔಟ್‌ಗೆ ಹೊಂದಿಸುವುದು ಹೇಗೆ? ಬೈ, ಅಂದರೆ ಒಂದು ಸುತ್ತು ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ, ಯಾರಿಗೆ ಕೊಡಬೇಕು? ಅತಿಥೇಯ ತಂಡಕ್ಕೆ ಕೊಡುವುದು ವಾಡಿಕೆ ಎನ್ನುತ್ತಾರೆ, ಅದು ಸರಿಯೇ?
– ದೈಹಿಕ ಶಿಕ್ಷಣ ಶಿಕ್ಷಕರು, ಆಳಂದ

ಉತ್ತರ: ನಾಕ್‌ಔಟ್‌ನ ಲೆಕ್ಕ ಸುಲಭ. ಒಂದು ಪಂದ್ಯ ಮುಗಿದರೆ ಒಂದು ತಂಡ ಹೊರಬೀಳುತ್ತದೆ. ಕೊನೆಗೆ ಒಂದೇ ತಂಡ ಉಳಿಯಬೇಕಾದ್ದರಿಂದ 11 ತಂಡಗಳಿಗೆ 10 ಪಂದ್ಯಗಳು ಸಾಕು. ಇದೇ ತಂಡಗಳು ಲೀಗ್ ಪದ್ಧತಿಯಲ್ಲಿ ಒಂದೊಂದು ಸಲ ಎದುರಾದರೂ 55 ಪಂದ್ಯಗಳಾಗುತ್ತವೆ. ಎಂಬತ್ತು ನಿಮಿಷ ರಗ್ಬಿ ಆಡಿದ ಮೈ ಮತ್ತೆ ಸಜ್ಜಾಗಲು ಒಂದು ವಾರವಾದರೂ ಬೇಕು. ವಾರವಿಡೀ ಬೇಳೆ ಮಿಲ್ಲಿನಲ್ಲೋ ಸಿಮೆಂಟ್ ಕಾರ್ಖಾನೆಯಲ್ಲೋ ದುಡಿಯುವ ಹುಡುಗನಿಗೆ ಹತ್ತು ಭಾನುವಾರ ಬಿಡುವು ಮಾಡಿಕೊ ಎನ್ನುವುದು ಆಗದ ಮಾತು. ಹವ್ಯಾಸಿ ಕ್ಲಬ್‌ಗಳು ನಾಕ್‌ಔಟ್ ಹಿಡಿಯುವುದಕ್ಕೆ ಮುಖ್ಯ ಕಾರಣ ಇದೇ.

ಇನ್ನು ಬೈ. 11ಕ್ಕಿಂತ ಮೇಲೆ, ಎರಡೆರಡಾಗಿ ಒಡೆಯುತ್ತಾ ಹೋದರೆ ಒಂದಕ್ಕೆ ಬಂದು ನಿಲ್ಲುವ ಸಂಖ್ಯೆ 16. ಹದಿನಾರರಲ್ಲಿ 11 ಕಳೆದರೆ 5, ಅಷ್ಟೇ ಬೈಗಳು. ಉಳಿದ ಆರು ತಂಡಗಳು ಮೊದಲ ಸುತ್ತಿನಲ್ಲಿ ಮೂರು ಪಂದ್ಯ ಆಡುತ್ತವೆ, ಗೆದ್ದ ಮೂರು ತಂಡಗಳ ಜೊತೆ ಬೈ ಪಡೆದ ಐದು ಸೇರಿ ಎಂಟರ ಘಟ್ಟ ಸಿದ್ಧವಾಗುತ್ತದೆ. ಬೈಗಳನ್ನು ಪಟ್ಟಿಯ ಒಂದೇ ಕಡೆ ಗುಡ್ಡೆ ಹಾಕದೆ, ಮೇಲಿನ ಅರ್ಧಕ್ಕೆ ಮೂರು, ಕೆಳಗಿನ ಅರ್ಧಕ್ಕೆ ಎರಡು ಎಂದು ಹಂಚಿರಿ. ಎರಡನೆಯ ಸುತ್ತಿಗೆ ಬಂದಮೇಲೆ ಬೈ ಇರಬಾರದು. ಸೆಮಿಫೈನಲ್‌ಗೆ ಬೈ ಕೊಟ್ಟ ಪಟ್ಟಿಯನ್ನೂ ನಾನು ನೋಡಿದ್ದೇನೆ, ಅದನ್ನು ಮಾಡಿದವರಿಗೆ ಮೊದಲ ಸುತ್ತಿನ ಈ ಕಳೆಯುವ ಲೆಕ್ಕ ಗೊತ್ತಿರಲಿಲ್ಲ ಅಷ್ಟೆ.

ಅತಿಥೇಯರಿಗೆ ಬೈ ಕೊಡುವ ವಾಡಿಕೆ ಇರುವುದು ನಿಜ, ಆದರೆ ಅದು ಒಳ್ಳೆಯ ವಾಡಿಕೆಯಲ್ಲ. ಮೈದಾನ ಅವರದು, ನೋಡುವ ಜನ ಅವರವರು. ಅದರ ಮೇಲೆ ಒಂದು ಸುತ್ತಿನ ವಿಶ್ರಾಂತಿಯನ್ನೂ ಕೊಟ್ಟರೆ ಬೇರೆ ಊರಿನವರು ಮುಂದಿನ ವರ್ಷ ಬರುವುದಿಲ್ಲ. ಚೀಟಿ ಎತ್ತಿರಿ. ಒಂದೇ ಹಾಳೆಯಿಂದ ಹರಿದ, ಒಂದೇ ರೀತಿ ಮಡಚಿದ 11 ಚೀಟಿಗಳನ್ನು ಸ್ಟೀಲ್ ಚೆಂಬಿನಲ್ಲಿ ಹಾಕಿ, ಎಲ್ಲ ತಂಡಗಳ ಒಬ್ಬೊಬ್ಬ ಪ್ರತಿನಿಧಿಯ ಎದುರಿಗೆ, ಯಾವ ತಂಡದ ಪರಿಚಯವೂ ಇಲ್ಲದ ಮಗುವಿನಿಂದ ಎತ್ತಿಸಿರಿ. ಒಂದೇ ಹಾಳೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಿಂದೊಮ್ಮೆ ನಾನು ಕಂಡ ಟೂರ್ನಿಯೊಂದರಲ್ಲಿ ಹತ್ತು ಚೀಟಿಗಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿಯೂ ಒಂದನ್ನು ಮಾತ್ರ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿಯೂ ಬರೆದಿದ್ದರು. ಎತ್ತಿದವರ ಬೆರಳು ಆ ದಪ್ಪ ಚೀಟಿಯನ್ನು ಕೊನೆಯವರೆಗೂ ಮುಟ್ಟಲಿಲ್ಲ.

ದೂರದ ಪ್ರಶ್ನೆಯೂ ಇದೆ. ಬೀದರಿನಿಂದ ಯಾದಗಿರಿಗೆ ರಸ್ತೆಯಲ್ಲಿ ಹತ್ತಿರಹತ್ತಿರ ಇನ್ನೂರು ಕಿಲೊಮೀಟರ್. ಮೊದಲ ಸುತ್ತನ್ನು ಅಕ್ಕಪಕ್ಕದ ತಾಲ್ಲೂಕುಗಳ ನಡುವೆಯೇ ಇಟ್ಟು, ಎಂಟರ ಘಟ್ಟದಿಂದ ಚೀಟಿಯನ್ನು ಮುಕ್ತಗೊಳಿಸಿರಿ. ಮೊದಲು ಎತ್ತಿದ ಚೀಟಿಯ ತಂಡಕ್ಕೆ ತವರಿನ ಮೈದಾನ ಎಂಬುದು ಕಪ್ ಪಂದ್ಯಾವಳಿಗಳ ಹಳೆಯ ಪದ್ಧತಿ; ಅದನ್ನು ಪಾಲಿಸಿದರೆ ಜಗಳವಿರುವುದಿಲ್ಲ.

ಈಗ ನಾನು ಹೋದ ಸಲ ಹೇಳಿದ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಊರಿನಲ್ಲಿ ನಾಕ್‌ಔಟ್ ಕಬಡ್ಡಿ ನೋಡಲು ಹೋಗಿದ್ದೆ. ದೂರದ ಹಳ್ಳಿಯ ತಂಡವೊಂದು ನಸುಕಿನಲ್ಲಿಯೇ ಟಂಟಂ ಮಾಡಿಕೊಂಡು ಬಂದು, ಹತ್ತು ಗಂಟೆಯೊಳಗೆ ಸೋತು, ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತಿತ್ತು. ಬಾಡಿಗೆ ಸಂಜೆಯವರೆಗೆ ಮಾತಾಗಿದ್ದರಿಂದ ಟಂಟಂ ಚಾಲಕ ನಿದ್ದೆ ಹೋಗಿದ್ದ. ಹುಡುಗರು ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಮುರಿದುಕೊಳ್ಳುತ್ತಾ ಬೇರೆಯವರ ಆಟ ನೋಡುತ್ತಿದ್ದರು. ಮರುವರ್ಷ ಆ ತಂಡ ಬರಲಿಲ್ಲ. ರಗ್ಬಿಯಂತಹ, ಈ ಭಾಗದಲ್ಲಿ ಇನ್ನೂ ಬೇರು ಬಿಡಬೇಕಾದ ಆಟಕ್ಕೆ ಇಂತಹ ನಷ್ಟ ಭಾರವಾದದ್ದು. ಆದ್ದರಿಂದ ಮುಖ್ಯ ಕಪ್‌ನ ಜೊತೆಗೆ, ತಮ್ಮ ಮೊದಲ ಪಂದ್ಯದಲ್ಲಿಯೇ ಸೋತವರಿಗೆ ಪ್ಲೇಟ್ ಎಂಬ ಇನ್ನೊಂದು ಪಂದ್ಯಾವಳಿಯನ್ನು ಇಡಿರಿ. ನಿಮ್ಮ ಪಟ್ಟಿಯ ಪ್ರಕಾರ ಪ್ಲೇಟ್‌ಗೆ ಕನಿಷ್ಠ ನಾಲ್ಕು, ಹೆಚ್ಚೆಂದರೆ ಏಳು ತಂಡಗಳು ಬರುತ್ತವೆ: ಮೊದಲ ಸುತ್ತಿನಲ್ಲಿ ಸೋತ ಮೂರು, ಮತ್ತು ಬೈ ಪಡೆದು ಎಂಟರ ಘಟ್ಟದಲ್ಲಿ ಸೋತವು. ಹೀಗಾದರೆ ಪ್ರತಿ ತಂಡಕ್ಕೂ ಎರಡು ಪಂದ್ಯ ಖಚಿತ.

ಪ್ರಶ್ನೆ: ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುವ ಕಲ್ಕತ್ತಾ ಕಪ್ ನಮ್ಮ ದೇಶದ ರೂಪಾಯಿಗಳನ್ನು ಕರಗಿಸಿ ಮಾಡಿದ್ದು ಎಂದು ಕೇಳಿದ್ದೇನೆ. ನಿಜವೇ? ಅದು ನಾಕ್‌ಔಟ್ ಕಪ್ ಯಾಕೆ ಆಗಲಿಲ್ಲ?
– ಪದವಿ ವಿದ್ಯಾರ್ಥಿ, ಬೀದರ್

ಉತ್ತರ: ನಿಜ, ಮತ್ತು ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಹೆಚ್ಚು ಸ್ವಾರಸ್ಯದ್ದು. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಇಂಗ್ಲೆಂಡ್ ಮೂಲದ ಇಪ್ಪತ್ತು ಜನ ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಮೂಲದ ಇಪ್ಪತ್ತು ಜನ ಇನ್ನೊಂದು ಕಡೆ ನಿಂತು ರಗ್ಬಿ ಆಡಿದರು. ಮರುತಿಂಗಳು, ಅಂದರೆ 1873ರ ಜನವರಿಯಲ್ಲಿ, ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿ, 1874ರಲ್ಲಿ ಇಂಗ್ಲೆಂಡಿನ ರಗ್ಬಿ ಫುಟ್‌ಬಾಲ್ ಯೂನಿಯನ್ನಿಗೆ ಸೇರಿತು. ಆದರೆ ಅಲ್ಲಿಯ ಸೆಕೆ ಈ ಆಟಕ್ಕೆ ಒಗ್ಗಲಿಲ್ಲ, ಆಡುತ್ತಿದ್ದ ಸೈನಿಕರ ಪಡೆಯೊಂದು ಊರು ಬಿಟ್ಟಿತು, ಉಳಿದವರು ಪೋಲೊ ಮತ್ತು ಟೆನಿಸ್ ಕಡೆಗೆ ತಿರುಗಿದರು. ಕ್ಲಬ್ಬಿನ ಉಚಿತ ಮದ್ಯ ನಿಂತದ್ದೂ ಸದಸ್ಯರು ಕರಗಿದ್ದಕ್ಕೆ ಒಂದು ಕಾರಣ ಎನ್ನುತ್ತಾರೆ. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿಯೇ ಪಡೆದು, 270 ನಾಣ್ಯಗಳನ್ನು ಕರಗಿಸಿ ಭಾರತದ ಕುಸುರಿ ಕೆಲಸದವರಿಂದ ಬಟ್ಟಲು ಮಾಡಿಸಿದರು. ಅದರ ಮೂರು ಹಿಡಿಕೆಗಳು ಮೂರು ಕಾಳಿಂಗ ಸರ್ಪಗಳು, ಮುಚ್ಚಳದ ಮೇಲೊಂದು ಆನೆ.

ಈ ಬಟ್ಟಲನ್ನು 1878ರಲ್ಲಿ ಇಂಗ್ಲೆಂಡಿನ ಯೂನಿಯನ್ನಿಗೆ ಕೊಟ್ಟಾಗ, ಫುಟ್‌ಬಾಲ್‌ನ ಎಫ್.ಎ. ಕಪ್ ಮಾದರಿಯಲ್ಲಿ ಕ್ಲಬ್‌ಗಳ ವಾರ್ಷಿಕ ನಾಕ್‌ಔಟ್‌ಗೆ ಇದನ್ನು ಬಳಸಲಿ ಎಂಬುದು ಕಲ್ಕತ್ತೆಯವರ ಆಸೆಯಾಗಿತ್ತು. ಯೂನಿಯನ್ ಒಪ್ಪಲಿಲ್ಲ. ಕಪ್‌ಗಾಗಿ ಆಡಿದರೆ ಪೈಪೋಟಿ ಕೆರಳುತ್ತದೆ, ಗೆಲ್ಲುವ ಹಟದಲ್ಲಿ ಹವ್ಯಾಸಿ ಗುಣ ಕೆಡುತ್ತದೆ ಎಂಬ ಅಂಜಿಕೆ ಅವರದು. ಬದಲಿಗೆ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯಕ್ಕೆ ಅದನ್ನು ಮೀಸಲಿಟ್ಟರು. 1879ರ ಮಾರ್ಚ್‌ನಲ್ಲಿ ಎಡಿನ್‌ಬರೋದಲ್ಲಿ ನಡೆದ ಮೊದಲ ಪಂದ್ಯ ಸಮವಾಯಿತು, 1880ರಲ್ಲಿ ಇಂಗ್ಲೆಂಡ್ ಗೆದ್ದಿತು.

ಯೂನಿಯನ್ ಬೇಡವೆಂದರೂ ಕ್ಲಬ್‌ಗಳು ಸುಮ್ಮನಿರಲಿಲ್ಲ ಎನ್ನುವುದನ್ನು ಗಮನಿಸಬೇಕು. ಲಂಡನ್ನಿನ ಆಸ್ಪತ್ರೆಗಳ ವೈದ್ಯ ವಿದ್ಯಾರ್ಥಿಗಳು 1875ರಷ್ಟು ಹಿಂದೆಯೇ ತಮ್ಮ ತಮ್ಮಲ್ಲಿ ನಾಕ್‌ಔಟ್ ಕಪ್ ಆರಂಭಿಸಿದ್ದರು. ರಗ್ಬಿಯ ಅತ್ಯಂತ ಹಳೆಯ ಕಪ್ ಪಂದ್ಯಾವಳಿ ಅದೇ. ಉತ್ತರದ ಯಾರ್ಕ್‌ಷೈರ್ ಪ್ರಾಂತದಲ್ಲಿ 1877–78ರಲ್ಲಿ ಶುರುವಾದ ಪ್ರಾದೇಶಿಕ ಕಪ್ ಜನರನ್ನು ಹಿಂಡುಹಿಂಡಾಗಿ ಮೈದಾನಕ್ಕೆ ಎಳೆಯಿತು, ಮೊದಲ ಸಲ ಗೆದ್ದದ್ದು ಹ್ಯಾಲಿಫ್ಯಾಕ್ಸ್. ಅಲ್ಲಿಯವರು ಆ ಕಪ್ಪನ್ನು ಪ್ರೀತಿಯಿಂದ ಹಳೇ ತಗಡಿನ ಡಬ್ಬ ಎನ್ನುತ್ತಿದ್ದರು. ಇಂಗ್ಲೆಂಡಿನ ಯೂನಿಯನ್ ತಾನೇ ರಾಷ್ಟ್ರೀಯ ಮಟ್ಟದ ಕ್ಲಬ್ ನಾಕ್‌ಔಟ್ ಆರಂಭಿಸಿದ್ದು 1971–72ರ ಸಾಲಿನಲ್ಲಿ. ಆಗ ಫೈನಲ್‌ನಲ್ಲಿ ಗ್ಲಾಸ್ಟರ್ ತಂಡ ಮೋಸ್ಲಿ ತಂಡವನ್ನು 17–6ರಿಂದ ಸೋಲಿಸಿತು. ಕಲ್ಕತ್ತೆಯವರು ಕೇಳಿದ್ದು ಕೈಗೂಡಲು ತೊಂಬತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಪ್ರಶ್ನೆ: ರಗ್ಬಿಯಲ್ಲಿ ಚೆಂಡನ್ನು ಗೆರೆಯಾಚೆ ನೆಲಕ್ಕೆ ಊರಿದರೆ ಐದು ಅಂಕ. ಅಷ್ಟು ಕಷ್ಟಪಟ್ಟು ಸಾಧಿಸಿದ್ದನ್ನು 'ಟ್ರೈ', ಅಂದರೆ ಪ್ರಯತ್ನ, ಎಂದು ಯಾಕೆ ಕರೆಯುತ್ತಾರೆ?
– ಶಾಲಾ ವಿದ್ಯಾರ್ಥಿ, ಚಿಂಚೋಳಿ

ಉತ್ತರ: ಮೊದಮೊದಲು ಅದಕ್ಕೆ ಅಂಕವೇ ಇರಲಿಲ್ಲ. ಗೆರೆಯಾಚೆ ಚೆಂಡು ಊರಿದ ತಂಡಕ್ಕೆ, ಕಂಬಗಳ ನಡುವೆ ಒದೆಯುವ ಪ್ರಯತ್ನದ ಹಕ್ಕು ಮಾತ್ರ ಸಿಗುತ್ತಿತ್ತು. ಗೋಲು ಬಿದ್ದರಷ್ಟೇ ಲೆಕ್ಕ. ಬರಬರುತ್ತಾ ಊರುವುದಕ್ಕೇ ಬೆಲೆ ಬಂತು. 1971ರಲ್ಲಿ ನಾಲ್ಕು ಅಂಕವಾಗಿ, 1992ರಿಂದ ಐದು ಅಂಕವಾಗಿದೆ. ಅದರ ನಂತರ ಒದೆಯುವ ಕನ್ವರ್ಷನ್‌ಗೆ ಎರಡು, ಪೆನಾಲ್ಟಿಗೂ, ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೇಳುವಾಗ ಒದೆಯುವ ಡ್ರಾಪ್ ಗೋಲಿಗೂ ಮೂರು ಮೂರು.

ಪ್ರಶ್ನೆ: ನಾಕ್‌ಔಟ್ ಪಂದ್ಯ ಸಮವಾದರೆ ಟಾಸ್ ಹಾಕಿ ತೀರ್ಮಾನಿಸಬಹುದೇ? ಇಲ್ಲಿ ಕ್ರಿಕೆಟ್ ಟೂರ್ನಿಗಳಲ್ಲಿ ಮಳೆ ಬಂದಾಗ ಹಾಗೆ ಮಾಡಿದ್ದಾರೆ.
– ತಂಡವೊಂದರ ವ್ಯವಸ್ಥಾಪಕರು, ಕಲಬುರಗಿ

ಉತ್ತರ: ಬೇಡ. ನಾಣ್ಯದಿಂದ ಸೋತವನ ಹೊಟ್ಟೆಯುರಿ ಬೇಗ ಆರುವುದಿಲ್ಲ. ವಿಶ್ವಕಪ್‌ನ ನಾಕ್‌ಔಟ್ ಘಟ್ಟದಲ್ಲಿ ಸಮವಾದರೆ ಹತ್ತು ಹತ್ತು ನಿಮಿಷಗಳ ಎರಡು ಹೆಚ್ಚುವರಿ ಅವಧಿಗಳನ್ನೂ, ಆಗಲೂ ಇತ್ಯರ್ಥವಾಗದಿದ್ದರೆ ಮೊದಲು ಅಂಕ ಗಳಿಸಿದವರೇ ಗೆದ್ದಂತೆ ಎನ್ನುವ ಇನ್ನೊಂದು ಹತ್ತು ನಿಮಿಷದ ಅವಧಿಯನ್ನೂ, ಕೊನೆಗೆ ಕಂಬಗಳತ್ತ ಒದೆಯುವ ಸ್ಪರ್ಧೆಯನ್ನೂ ಇಟ್ಟಿದ್ದಾರೆ. 2003ರ ಸಿಡ್ನಿ ಫೈನಲ್ 14–14ರಲ್ಲಿ ನಿಂತು, ಹೆಚ್ಚುವರಿ ಅವಧಿಯ ಕೊನೆಯ ನಿಮಿಷದಲ್ಲಿ ಜಾನಿ ವಿಲ್ಕಿನ್ಸನ್ ಹೊಡೆದ ಡ್ರಾಪ್ ಗೋಲಿನಿಂದ ಇಂಗ್ಲೆಂಡ್ ಪರ 20–17 ಆಯಿತು. ಒದೆಯುವ ಸ್ಪರ್ಧೆ ಎಷ್ಟು ಕ್ರೂರ ಎಂಬುದು 2009ರಲ್ಲಿ ಕಾರ್ಡಿಫ್‌ನಲ್ಲಿ ನಡೆದ ಯುರೋಪಿನ ಕ್ಲಬ್ ಸೆಮಿಫೈನಲ್‌ನಲ್ಲಿ ಕಂಡಿತು. ಕಾರ್ಡಿಫ್ ಬ್ಲೂಸ್ ಮತ್ತು ಲೆಸ್ಟರ್ ತಂಡಗಳು 26–26ರಲ್ಲಿ ನಿಂತ ಮೇಲೆ ಒದೆತದ ಸರದಿ ಫಾರ್ವರ್ಡ್ ಆಟಗಾರರವರೆಗೂ ಬಂದು, ಸ್ಕ್ರಮ್‌ನಲ್ಲಿ, ಅಂದರೆ ಎರಡೂ ತಂಡದವರು ಬಾಗಿ ಭುಜ ಕೊಟ್ಟು ಆಡುವ ನೂಕಾಟದಲ್ಲಿ, ನೂಕುವುದು ಬಿಟ್ಟರೆ ಕಂಬದತ್ತ ಒದ್ದು ಅಭ್ಯಾಸವಿಲ್ಲದವನೊಬ್ಬನ ಗುರಿ ತಪ್ಪಿ, ಲೆಸ್ಟರ್ 7–6ರಿಂದ ಗೆದ್ದಿತು.

ಈ ಎರಡೂ ಹವ್ಯಾಸಿಗಳಿಗೆ ಹೊಂದುವುದಿಲ್ಲ. ಎಂಬತ್ತು ನಿಮಿಷಕ್ಕೇ ಉಸಿರು ಬಿಡುವ ಹುಡುಗರನ್ನು ಇನ್ನೂ ಅರ್ಧ ಗಂಟೆ ಗುದ್ದಾಡಿಸಿದರೆ ಗಾಯಗಳಾಗುತ್ತವೆ. ಇಂಗ್ಲೆಂಡಿನ ಕ್ಲಬ್ ಕಪ್‌ನಲ್ಲಿ ಹಿಂದೆ ಇದ್ದ ನಿಯಮವನ್ನೇ ನಾನು ಶಿಫಾರಸು ಮಾಡುತ್ತೇನೆ: ಅಂಕ ಸಮವಾದರೆ ಹೆಚ್ಚು ಟ್ರೈ ಗಳಿಸಿದ ತಂಡ ಮುಂದಕ್ಕೆ, ಟ್ರೈಗಳೂ ಸಮವಾದರೆ ಹೊರಗಿನಿಂದ ಪ್ರಯಾಣ ಮಾಡಿ ಬಂದ ತಂಡ ಮುಂದಕ್ಕೆ. ತವರಿನಲ್ಲಿ ಆಡಿಯೂ ಗೆಲ್ಲಲಾಗದವರು ದೂರುವುದಕ್ಕೆ ಏನೂ ಉಳಿಯುವುದಿಲ್ಲ. ಫೈನಲ್‌ಗೆ ಮಾತ್ರ ಹೆಚ್ಚುವರಿ ಅವಧಿ ಇಡಬಹುದು. ಅದೂ ಸಮವಾದರೆ ಕಪ್ಪನ್ನು ಹಂಚಿಕೊಳ್ಳಲಿ. 1982ರ ಇಂಗ್ಲೆಂಡ್ ಕ್ಲಬ್ ಫೈನಲ್‌ನಲ್ಲಿ ಅದೇ ಗ್ಲಾಸ್ಟರ್ ಮತ್ತು ಮೋಸ್ಲಿ 12–12ರಲ್ಲಿ ನಿಂತು ಕಪ್ಪನ್ನು ಹಂಚಿಕೊಂಡಿದ್ದವು. ಯಾವ ನಿಯಮವಾದರೂ ಚೀಟಿ ಎತ್ತುವ ದಿನವೇ ಪಟ್ಟಿಯ ಕೆಳಗೆ ಬರೆದಿರಬೇಕು.

ಪ್ರಶ್ನೆ: ಪಿಯುಸಿ ಓದುವ ಮಗ ರಗ್ಬಿ ಕಪ್‌ನಲ್ಲಿ ಆಡುತ್ತೇನೆ ಎನ್ನುತ್ತಿದ್ದಾನೆ. ಅವನು ಕಬಡ್ಡಿ ಚೆನ್ನಾಗಿ ಆಡುತ್ತಾನೆ, ತಾಲೀಮು ಮಾಡಿದ ಮೈ. ಆದರೂ ಅವನ ತಾಯಿಗೆ ಭಯ. ಕಳಿಸಬಹುದೇ?
– ಒಬ್ಬ ತಂದೆ, ಸುರಪುರ

ಉತ್ತರ: ಕಳಿಸುವ ಮೊದಲು ತರಬೇತುದಾರರನ್ನು ಭೇಟಿಯಾಗಿ ಕೆಲವು ವಿಷಯಗಳನ್ನು ಕೇಳಿರಿ. ಕಬಡ್ಡಿಯ ಅನುಭವ ಒಳ್ಳೆಯದೇ. ಹಿಡಿತ, ಕಾಲಿನ ಚುರುಕು, ಬೀಳುವ ಅಭ್ಯಾಸ ಎಲ್ಲವೂ ಕೆಲಸಕ್ಕೆ ಬರುತ್ತವೆ. ವ್ಯತ್ಯಾಸವಿರುವುದು ತಲೆಯ ವಿಷಯದಲ್ಲಿ. ಓಡಿಬರುವವನನ್ನು ಟ್ಯಾಕಲ್ ಮಾಡುವಾಗ ಭುಜ ಅವನ ತೊಡೆಗೆ, ಎರಡೂ ತೋಳು ಅವನ ಸುತ್ತ, ತಲೆ ಅವನ ಪಕ್ಕಕ್ಕೆ ಅಥವಾ ಹಿಂದಕ್ಕೆ ಇರಬೇಕು. ತಲೆ ಅವನ ಮುಂದಕ್ಕೆ ಬಂದರೆ ಅವನ ಮೊಣಕಾಲು ಬಡಿಯುವುದು ಅಲ್ಲಿಗೇ. ಗಾದಿಯ ಮೇಲೆ, ಮೊದಲು ಮಂಡಿಯೂರಿ, ಆಮೇಲೆ ನಡೆಯುತ್ತಾ, ಕೊನೆಗೆ ಓಡುತ್ತಾ ಇದನ್ನು ನೂರಾರು ಸಲ ಮಾಡಿಸುವ ತರಬೇತುದಾರರು ಸಿಕ್ಕಿದ್ದರೆ ಅರ್ಧ ಭಯ ಬಿಡಬಹುದು. ಭುಜದ ಗೆರೆಗಿಂತ ಮೇಲೆ ಹಿಡಿಯುವುದು ನಿಯಮಬಾಹಿರ. ಇಂಗ್ಲೆಂಡ್ 2023ರಿಂದ ತನ್ನ ಹವ್ಯಾಸಿ ಪಂದ್ಯಗಳಲ್ಲಿ ಎದೆಮೂಳೆಯ ಕೆಳತುದಿಗಿಂತ ಮೇಲೆ ಹಿಡಿಯಬಾರದೆಂದು ಇನ್ನೂ ಬಿಗಿ ಮಾಡಿದೆ. ನಿಮ್ಮ ಕಪ್‌ಗೂ ಅದನ್ನೇ ಅಳವಡಿಸಿ ಎಂದು ಸಂಘಟಕರಿಗೆ ಹೇಳಿರಿ.

ಎರಡನೆಯದು ಸ್ಕ್ರಮ್. ಎರಡು ತಂಡಗಳ ಎಂಟೆಂಟು ಜನ ಬಾಗಿ, ಒಬ್ಬರ ಭುಜಕ್ಕೊಬ್ಬರು ಭುಜ ಕೊಟ್ಟು ನೂಕುವಾಗ ಮುಂಚೂಣಿಯ ಮೂವರ ಕುತ್ತಿಗೆಯ ಮೇಲೆ ಬೀಳುವ ಭಾರವನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಅದು ಗೊತ್ತು: ರೆಫರಿ ಕೂಗು ಕೊಡುತ್ತಿದ್ದಂತೆ ಹದಿನಾರು ಮೈಗಳು ಒಂದೇ ಸಲ ಸೇರಿದ ಸದ್ದು ಮೈದಾನದಾಚೆಗೂ ಕೇಳುತ್ತದೆ, ಶೂಗಳ ಮೊಳೆಗಳು ನೆಲವನ್ನು ಉತ್ತಂತೆ ಕಿತ್ತುಹಾಕುತ್ತವೆ. ಇದಕ್ಕೆ ತರಬೇತಾದವರೇ ಬೇಕು. ಹದಿನೈದೇ ಆಟಗಾರರ ಪಟ್ಟಿಯಲ್ಲಿ ಮುಂಚೂಣಿಗೆ ತರಬೇತಾದವರು ಮೂವರು, 16ರಿಂದ 18 ಜನರಿದ್ದರೆ ನಾಲ್ವರು, 19ರಿಂದ 22 ಜನರಿದ್ದರೆ ಐವರು ಇರಬೇಕೆಂದು ನಿಯಮವಿದೆ. ಅಷ್ಟಿಲ್ಲದಿದ್ದರೆ ನೂಕಾಟವಿಲ್ಲದ ಸ್ಕ್ರಮ್ ಆಡಿಸಬೇಕು. ಅದರಲ್ಲಿ ಅವಮಾನವೇನೂ ಇಲ್ಲ. 19 ವರ್ಷದೊಳಗಿನವರ ಪಂದ್ಯಗಳಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ನೂಕುವಂತಿಲ್ಲ, ಅರ್ಧ ಅವಧಿಯೂ 40 ನಿಮಿಷದ ಬದಲು 35. ನಿಮ್ಮ ಮಗನ ವಯಸ್ಸಿಗೆ ಈ ನಿಯಮಗಳೇ ಅನ್ವಯಿಸಬೇಕು, ಅವನನ್ನು ದೊಡ್ಡವರ ತಂಡಕ್ಕೆ ಸೇರಿಸಲು ಒಪ್ಪಬೇಡಿರಿ.

ಮೂರನೆಯದು ನಾಕ್‌ಔಟ್‌ಗೇ ಅಂಟಿಕೊಂಡ ಅಪಾಯ. ಇವತ್ತು ಸೋತರೆ ಮುಗಿಯಿತು ಎಂದಿರುವಾಗ ತಲೆಗೆ ಪೆಟ್ಟು ಬಿದ್ದ ಹುಡುಗ ಅದನ್ನು ಮುಚ್ಚಿಡುತ್ತಾನೆ. ಕಣ್ಣು ಮಂಜಾದದ್ದು, ಸ್ಕೋರ್ ಎಷ್ಟೆಂದು ನೆನಪಿಲ್ಲದ್ದು, ಎದ್ದು ನಿಲ್ಲುವಾಗ ತೂಗಾಡಿದ್ದು ಇವುಗಳಲ್ಲಿ ಒಂದು ಕಂಡರೂ ಅವನನ್ನು ತಕ್ಷಣ ಹೊರಗೆ ಕರೆಸಬೇಕು, ಆ ದಿನ ಮತ್ತೆ ಇಳಿಸಬಾರದು. ವೈದ್ಯರು ನೋಡಿದ ಮೇಲೂ ಹವ್ಯಾಸಿ ಆಟಗಾರ ಕನಿಷ್ಠ 21 ದಿನ ಪಂದ್ಯ ಆಡಬಾರದು. ಹಲ್ಲಿಗೆ ಮೌತ್‌ಗಾರ್ಡ್ ಕೊಡಿಸಿರಿ. ತಲೆಗೆ ಹಾಕುವ ಮೆತ್ತನೆಯ ಟೋಪಿ ಕಿವಿಯನ್ನೂ ಚರ್ಮವನ್ನೂ ಕಾಯುತ್ತದೆಯೇ ಹೊರತು ಮಿದುಳನ್ನು ಕಾಯುವುದಿಲ್ಲ. ಮೈದಾನದ ಬದಿಯಲ್ಲಿ ಆಂಬುಲೆನ್ಸ್ ನಿಂತಿರದ ಪಂದ್ಯಕ್ಕೆ ಮಗನನ್ನು ಕಳಿಸಬೇಡಿರಿ.

ಪ್ರಶ್ನೆ: ಗೆದ್ದ ತಂಡಕ್ಕೆ ನಗದು ಬಹುಮಾನ ಇಡದಿದ್ದರೆ ಇಲ್ಲಿ ಯಾರೂ ಬರುವುದಿಲ್ಲ ಎನ್ನುತ್ತಾರೆ. ಇಟ್ಟರೆ ಅದು ಹವ್ಯಾಸಿ ಕಪ್ ಆಗಿ ಉಳಿಯುತ್ತದೆಯೇ?
– ಸಂಘಟಕರು, ಚಿತ್ತಾಪುರ

ಉತ್ತರ: ರಗ್ಬಿ ಒಡೆದು ಎರಡಾದದ್ದೇ ಈ ಪ್ರಶ್ನೆಯ ಮೇಲೆ. ಉತ್ತರ ಇಂಗ್ಲೆಂಡಿನ ಗಿರಣಿ ಮತ್ತು ಗಣಿ ಕಾರ್ಮಿಕರು ಶನಿವಾರ ಆಡಲು ಹೋದರೆ ಆ ಹೊತ್ತಿನ ಕೂಲಿ ತಪ್ಪುತ್ತಿತ್ತು. ತಪ್ಪಿದ ಕೂಲಿಯನ್ನಾದರೂ ಕಟ್ಟಿಕೊಡಲು ಬಿಡಿ ಎಂದು ಅವರ ಕ್ಲಬ್‌ಗಳು ಕೇಳಿದವು. ಕೂಲಿಯ ಚಿಂತೆಯೇ ಇಲ್ಲದ ದಕ್ಷಿಣದ ಮಹನೀಯರು ಅದನ್ನೂ ಹಣಕ್ಕಾಗಿ ಆಡಿದಂತೆ ಎಂದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಹೋಟೆಲೊಂದರಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿ ಬೇರೆಯಾದವು. ಅವರ ಆಟವೇ ಮುಂದೆ ಹದಿಮೂರು ಜನರ ರಗ್ಬಿ ಲೀಗ್ ಆಯಿತು. ಹದಿನೈದು ಜನರ ರಗ್ಬಿ ಯೂನಿಯನ್ ಸಂಭಾವನೆಗೆ ಬಾಗಿಲು ತೆರೆದದ್ದು ಸರಿಯಾಗಿ ನೂರು ವರ್ಷಗಳ ನಂತರ, 1995ರ ಆಗಸ್ಟ್‌ನಲ್ಲಿ.

ನನ್ನ ಅಭಿಪ್ರಾಯದಲ್ಲಿ ಉತ್ತರದವರು ಕೇಳಿದ್ದು ನ್ಯಾಯವಾಗಿತ್ತು. ನಿಮ್ಮ ತಂಡದಲ್ಲಿ ಫರಸಿ ಕಲ್ಲಿನ ಗಣಿಗೆ ಹೋಗುವ ಹುಡುಗನಿದ್ದರೆ ಅವನ ದಿನದ ಕೂಲಿ ಕೊಟ್ಟರೆ ಆಟ ಕೆಡುವುದಿಲ್ಲ. ಕೆಡುವುದು ಗೆದ್ದವರ ಕೈಗೆ ದೊಡ್ಡ ಮೊತ್ತ ಇಟ್ಟಾಗ. ಆಗ ಫೈನಲ್‌ಗೆ ಎರಡು ದಿನವಿದೆ ಎನ್ನುವಾಗ ಹೈದರಾಬಾದಿನಿಂದಲೋ ಪುಣೆಯಿಂದಲೋ ಗಟ್ಟಿ ಆಟಗಾರರು ಬಂದಿಳಿಯುತ್ತಾರೆ, ವರ್ಷವಿಡೀ ಬೆಳಗಿನ ಜಾವ ಬೆವರು ಹರಿಸಿದ ಊರ ಹುಡುಗ ಬೆಂಚಿನ ಮೇಲೆ ಕುಳಿತು ನೋಡುತ್ತಾನೆ. ಬಹುಮಾನದ ಹಣವನ್ನು ಒಡೆದು ಎಲ್ಲ 11 ತಂಡಗಳಿಗೂ ಬಂದುಹೋಗುವ ಬಾಡಿಗೆ ಮತ್ತು ಊಟಕ್ಕೆ ಕೊಡಿರಿ. ಚೀಟಿ ಎತ್ತುವ ಮೊದಲೇ ಪ್ರತಿ ತಂಡದ ಆಟಗಾರರ ಪಟ್ಟಿಯನ್ನು ಭಾವಚಿತ್ರ ಸಮೇತ ಪಡೆದು ಮುಚ್ಚಿಬಿಡಿರಿ. ಒಂದು ತಂಡದ ಪರ ಒಂದು ನಿಮಿಷ ಆಡಿದವನೂ ಆ ಸಾಲಿನ ಕಪ್‌ನಲ್ಲಿ ಇನ್ನೊಂದು ತಂಡದ ಪರ ಇಳಿಯುವಂತಿಲ್ಲ ಎಂದು ಬರೆಯಿರಿ. ತಂಡಗಳಿಂದ ಠೇವಣಿ ಪಡೆದಿಟ್ಟು, ಹೇಳದೆ ಕೇಳದೆ ಬಾರದಿದ್ದವರ ಠೇವಣಿಯನ್ನು ಕಾದು ನಿಂತ ಎದುರಾಳಿಗೆ ಕೊಡುವುದೂ ಒಳ್ಳೆಯದು. ವಾಕ್‌ಓವರ್ ಸಿಕ್ಕವರು ಗೆದ್ದರೂ ಅವರ ಭಾನುವಾರವಂತೂ ಹಾಳಾಗಿರುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ರಗ್ಬಿ ಆಡುವ ಹುಡುಗಿಯರು ಹತ್ತೇ ಜನ. ಹದಿನೈದು ಜನರ ತಂಡ ಕಟ್ಟಲಾಗದು. ಕಪ್‌ನಲ್ಲಿ ನಮಗೆ ಜಾಗವಿದೆಯೇ?
– ವಿದ್ಯಾರ್ಥಿನಿ, ಹುಮನಾಬಾದ್

ಉತ್ತರ: ಇದೆ, ಏಳು ಜನರ ರಗ್ಬಿ ಸೆವೆನ್ಸ್‌ನಲ್ಲಿ. ಅದು ಹುಟ್ಟಿದ್ದೇ ಸಣ್ಣ ಊರಿನ ನಾಕ್‌ಔಟ್ ಆಗಿ ಎಂಬುದು ನಿಮಗೆ ಧೈರ್ಯ ಕೊಡಬಹುದು. ಸ್ಕಾಟ್ಲೆಂಡಿನ ಮೆಲ್‌ರೋಸ್ ಎಂಬ ಊರಿನ ಕ್ಲಬ್ಬಿಗೆ ದುಡ್ಡಿನ ಅಡಚಣೆಯಾಗಿದ್ದಾಗ, ಅಲ್ಲಿ ಮಾಂಸದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಆಟಗಾರ ನೆಡ್ ಹೇಗ್, ಒಂದೇ ಮಧ್ಯಾಹ್ನದಲ್ಲಿ ಹಲವು ತಂಡಗಳ ಟೂರ್ನಿ ಮುಗಿಯಬೇಕಾದರೆ ಹದಿನೈದು ಜನರಿಂದಾಗದು, ಏಳು ಜನ ಸಾಕು ಎಂದ. 1883ರ ಏಪ್ರಿಲ್ 28ರಂದು ಅದು ನಡೆಯಿತು. ಫೈನಲ್ ಸಮವಾಗಿ ಹೆಚ್ಚುವರಿ ಅವಧಿಗೆ ಹೋದಾಗ ಮೆಲ್‌ರೋಸ್ ಒಂದು ಟ್ರೈ ಗಳಿಸಿದ್ದೇ ತಡ, ಅವಧಿ ಮುಗಿಯುವವರೆಗೂ ಕಾಯದೆ ಗೆದ್ದೆವೆಂದು ಮೈದಾನ ಬಿಟ್ಟು ನಡೆಯಿತಂತೆ. ಸಂಘಟಕರೇ ಗೆದ್ದ ಟೂರ್ನಿಗಳ ಇತಿಹಾಸ ಹಳೆಯದು. 2016ರಲ್ಲಿ ಅದೇ ಸೆವೆನ್ಸ್ ಒಲಿಂಪಿಕ್ಸ್ ಸೇರಿತು. ಏಳು ಏಳು ನಿಮಿಷಗಳ ಎರಡು ಅವಧಿ, ಸ್ಕ್ರಮ್‌ಗೆ ಮೂವರೇ. ನಿಮ್ಮ ಹತ್ತು ಜನರಲ್ಲಿ ಏಳು ಆಡಿದರೆ ಮೂವರು ಬದಲಿಗೆ ಉಳಿಯುತ್ತೀರಿ. ಭಾರತದ ಮಹಿಳಾ ತಂಡ ಹದಿನೈದು ಜನರ ಆಟದಲ್ಲಿಯೂ 2019ರ ಜೂನ್‌ನಲ್ಲಿ ಮನಿಲಾದಲ್ಲಿ ಸಿಂಗಪುರವನ್ನು 21–19ರಿಂದ ಸೋಲಿಸಿ ಮೊದಲ ಅಂತರರಾಷ್ಟ್ರೀಯ ಗೆಲುವು ಕಂಡಿದೆ. ಪುರುಷರ ಪ್ಲೇಟ್ ಪಂದ್ಯಗಳ ದಿನವೇ ಮಹಿಳೆಯರ ಸೆವೆನ್ಸ್ ಇಟ್ಟರೆ ರೆಫರಿ, ಆಂಬುಲೆನ್ಸ್ ಎಲ್ಲವೂ ಒಂದೇ ಖರ್ಚಿನಲ್ಲಿ ಆಗುತ್ತವೆ.

ಪ್ರಶ್ನೆ: ಎರೆ ಮಣ್ಣಿನ ಮೈದಾನದಲ್ಲಿ ರಗ್ಬಿ ಆಡಿಸಬಹುದೇ? ಯಾವ ತಿಂಗಳು ಸೂಕ್ತ? ಕಂಬಗಳನ್ನು ಎಲ್ಲಿಂದ ತರಬೇಕು?
– ಗ್ರಾಮ ಪಂಚಾಯಿತಿ ಸದಸ್ಯರು, ಸೇಡಂ ತಾಲ್ಲೂಕು

ಉತ್ತರ: ಎರೆ ನೆಲ ಎರಡು ಕಾಲದಲ್ಲಿ ಕೈಕೊಡುತ್ತದೆ. ಮಳೆಗಾಲದಲ್ಲಿ ಒಂದೊಂದು ಶೂಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡು ಓಡುವವನು ನಡೆಯತೊಡಗುತ್ತಾನೆ. ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು ಬಿಡುತ್ತದೆ, ಹಿಮ್ಮಡಿ ಹೊರಳುವುದು ಅಲ್ಲಿಯೇ. ಬೀದರ್ ಕಡೆಯ ಜಂಬಿಟ್ಟಿಗೆ ನೆಲ ಬಿರಿಯುವುದಿಲ್ಲ, ಆದರೆ ಬಿದ್ದವರ ಮೊಣಕೈ ತರಿಯುತ್ತದೆ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಈ ಆಟದ ಹೆಸರೆತ್ತಬಾರದು. ನವೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ನೆಲವೂ ಹವೆಯೂ ಹಿತವಾಗಿರುತ್ತವೆ. ಆದರೆ ಡಿಸೆಂಬರ್, ಜನವರಿ ತೊಗರಿ ಕೊಯ್ಲಿನ ಕಾಲ. ರೈತರ ಮಕ್ಕಳು ರಾಶಿ ಬಿಟ್ಟು ಬರಲಾರರು. ಆದ್ದರಿಂದ ಮೊದಲ ಸುತ್ತನ್ನು ನವೆಂಬರ್ ಕೊನೆಗೆ ಮುಗಿಸಿ, ರಾಶಿಯ ವಾರಗಳನ್ನು ಬಿಟ್ಟು, ಎಂಟರ ಘಟ್ಟ ಮತ್ತು ಪ್ಲೇಟನ್ನು ಜನವರಿ ಕೊನೆಯಿಂದ ಹಿಡಿಯಿರಿ. ಪಂದ್ಯ ಬೆಳಿಗ್ಗೆ ಎಂಟಕ್ಕೆ ಶುರುವಾಗಲಿ. ಹಿಂದಿನ ಎರಡು ಸಂಜೆ ಟ್ಯಾಂಕರ್ ನೀರು ಹೊಡೆಸಿ, ಕಲ್ಲು ಹರಳುಗಳನ್ನು ಸಾಲಾಗಿ ನಿಂತ ಹುಡುಗರಿಂದ ಆರಿಸಿ ತೆಗೆಸಿರಿ.

ಗೋಲು ಗೆರೆಯಿಂದ ಗೋಲು ಗೆರೆಗೆ ಹೆಚ್ಚೆಂದರೆ 100 ಮೀಟರ್, ಅಗಲ 70 ಮೀಟರ್. ಗೆರೆಯಾಚೆ ಚೆಂಡು ಊರಲು ಕನಿಷ್ಠ 6 ಮೀಟರ್ ಜಾಗ ಬೇಕು. ಕಂಬಗಳನ್ನು ಎಲ್ಲಿಂದಲೂ ತರಬೇಕಿಲ್ಲ. ಸೇಡಂನ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಕಬ್ಬಿಣದ ಪೈಪುಗಳಿಂದ ಆಗುತ್ತದೆ: ಎರಡು ಕಂಬಗಳ ನಡುವೆ 5.6 ಮೀಟರ್, ಅಡ್ಡಪಟ್ಟಿ ನೆಲದಿಂದ 3 ಮೀಟರ್, ಕಂಬ ಅದಕ್ಕಿಂತ ಎತ್ತರ. ಗಾದಿ ಅಂಗಡಿಯ ದಪ್ಪ ಸ್ಪಂಜನ್ನು ಆಳೆತ್ತರದವರೆಗೆ ಸುತ್ತಿ, ಮೇಲೆ ತಾಡಪಾಲು ಹೊಲಿಸಿರಿ.

ಪ್ರಶ್ನೆ: ಕಪ್ ಎಂಥದ್ದು ಮಾಡಿಸಬೇಕು? ಅಂಗಡಿಯ ಪ್ಲಾಸ್ಟಿಕ್ ಟ್ರೋಫಿಗಳು ಬೇಸರ ತರಿಸಿವೆ.
– ನಿವೃತ್ತ ಗುಮಾಸ್ತರು, ಬೀದರ್

ಉತ್ತರ: ಬೀದರಿನಲ್ಲಿದ್ದು ಇದನ್ನು ಕೇಳುತ್ತೀರಲ್ಲ! ಬಿದರಿ ಕಲೆಯ ಬಟ್ಟಲೊಂದನ್ನು ಮಾಡಿಸಿರಿ. ಸತು ಮತ್ತು ಸ್ವಲ್ಪ ತಾಮ್ರದ ಎರಕ, ಅದರ ಮೇಲೆ ಕೆತ್ತಿ ಕೂರಿಸಿದ ಬೆಳ್ಳಿ, ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿದ ನೀರಿನಲ್ಲಿ ಅದ್ದಿದಾಗ ಬರುವ ಆ ಕಪ್ಪು: ಪ್ರಾದೇಶಿಕ ಕಪ್ ಎಂಬ ಮಾತಿಗೆ ಇದಕ್ಕಿಂತ ಒಪ್ಪುವ ವಸ್ತು ಬೇರೆ ಇಲ್ಲ. ದೊಡ್ಡದು ಬೇಡ, ಒಂದು ಗೇಣಿನದು ಸಾಕು. ಆದರೆ ಗೆದ್ದವರಿಗೆ ಎರಡು ಮಾತು ಹೇಳಿಬಿಡಿರಿ. ಒಂದು, ಅದರಲ್ಲಿ ಪಾನಕ, ಮಜ್ಜಿಗೆ ಏನನ್ನೂ ಹಾಕಿ ಕುಡಿಯಬಾರದು. ಸತುವಿಗೆ ಹುಳಿ ತಾಗಿದರೆ ಅದು ಕರಗಿ ಹೊಟ್ಟೆಗೆ ಹೋಗುತ್ತದೆ. ಇನ್ನೊಂದು, ಮೆರವಣಿಗೆಯಲ್ಲಿ ಅದನ್ನು ಎಸೆದಾಡಬಾರದು. 1988ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಆಟಗಾರರಿಬ್ಬರು ಪಂದ್ಯ ಮುಗಿದ ರಾತ್ರಿ ಕಲ್ಕತ್ತಾ ಕಪ್ಪನ್ನು ಎಡಿನ್‌ಬರೋದ ಬೀದಿಗಳಿಗೆ ಒಯ್ದು, ಚೆಂಡಿನಂತೆ ಆಡಿ, ಬೆಲೆಬಾಳುವ ಆ ಬೆಳ್ಳಿಯನ್ನು ನೆಗ್ಗಿಸಿ ತಂದಿದ್ದರು. ಬಟ್ಟಲಿನ ಕೆಳಗೆ ತೇಗದ ಪೀಠ ಇಡಿಸಿ, ಮುಂಭಾಗದಲ್ಲಿ ಕಪ್ ಗೆದ್ದವರ ಹೆಸರಿನ ತಗಡುಗಳಿಗೂ ಹಿಂಭಾಗದಲ್ಲಿ ಪ್ಲೇಟ್ ಗೆದ್ದವರ ಹೆಸರಿನ ತಗಡುಗಳಿಗೂ ಜಾಗ ಬಿಡಿಸಿರಿ.